ಶಿಲುಬೆಯ ಹಾಡು ಬರೆದ ಫಾರ್ಚುನೇಟಸ್‌ನ ಕಥೆಯನ್ನು ನಮ್ಮೂರ ಜನಕ್ಕೆ ಅರ್ಧ ಗಂಟೆಯಲ್ಲಿ ಹೇಳುವುದು ಹೇಗೆ

ಗುಡ್ ಫ್ರೈಡೆ ಹತ್ತಿರ ಬಂತೆಂದರೆ ನಮ್ಮ ಬೀದರ್ ಕಡೆ ಯಾರಾದರೊಬ್ಬರಿಗೆ ಈ ಕೆಲಸ ಬೀಳುತ್ತದೆ. ಸಂಜೆ ಕೂಟದಲ್ಲಿ ಒಬ್ಬ ಸಂತರ ಬಗ್ಗೆ ಅರ್ಧ ಗಂಟೆ ಮಾತಾಡಿ ಅನ್ನುತ್ತಾರೆ. ನನಗೆ ಬಿದ್ದ ವರ್ಷ ನಾನು ವೆನಾನ್ಶಿಯಸ್ ಫಾರ್ಚುನೇಟಸ್‌ನನ್ನು ಆರಿಸಿಕೊಂಡೆ. ಆರನೇ ಶತಮಾನದ ಲ್ಯಾಟಿನ್ ಕವಿ, ಕೊನೆಗಾಲದಲ್ಲಿ ಈಗಿನ ಫ್ರಾನ್ಸಿನ ಪ್ವಾಟಿಯೇ ಊರಿನ ಬಿಷಪ್. ಶಿಲುಬೆಯ ಮೇಲೆ ಅವನು ಬರೆದ ಎರಡು ಹಾಡುಗಳನ್ನು ಇವತ್ತಿಗೂ ಪವಿತ್ರ ವಾರದಲ್ಲಿ ಹಾಡುತ್ತಾರೆ.

ಆ ವರ್ಷ ನಾನು ಹುಟ್ಟಿದ ಊರು, ಓದಿದ ಊರು, ಕಂಡ ರಾಜರು, ಸತ್ತ ವರ್ಷ ಎಲ್ಲ ಹಾಳೆಯ ಮೇಲೆ ಬರೆದುಕೊಂಡು ಹೋಗಿ ಓದಿದೆ. ಹತ್ತು ನಿಮಿಷಕ್ಕೆ ಹುಡುಗರು ಫೋನು ತೆಗೆದರು. ಮುಗಿದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದು, "ಅವ ಏನು ಬರೆದ ಅಂತ ಹೇಳಲೇ ಇಲ್ಲವಲ್ಲಪ್ಪ" ಅಂದರು. ಆ ಮಾತು ಮನಸ್ಸಿಗೆ ತುಂಬಾ ನಾಟಿತು. ಆಮೇಲೆ ಕಲಬುರಗಿಯಲ್ಲಿ ಒಮ್ಮೆ, ಮತ್ತೆ ಬೀದರಿನಲ್ಲಿ ಎರಡು ಸಲ ಇದೇ ಕಥೆ ಹೇಳಿದ್ದೇನೆ. ಈಗ ಜನ ಕೂತು ಕೇಳುತ್ತಾರೆ. ನಿಮ್ಮ ಪಾಲಿಗೂ ಈ ಕೆಲಸ ಬಂದಿದ್ದರೆ, ನಾನು ಮಾಡುವ ರೀತಿ ಇದು.

ಮೊದಲು ಹೆಸರು. ಪೂರ್ತಿ ಹೆಸರು ವೆನಾನ್ಶಿಯಸ್ ಹೊನೋರಿಯಸ್ ಕ್ಲೆಮೆಂಟಿಯಾನಸ್ ಫಾರ್ಚುನೇಟಸ್. ಇದನ್ನು ಒಂದೇ ಸಲ ಹೇಳಿ, ಆಮೇಲೆ ಬರೀ ಫಾರ್ಚುನೇಟಸ್ ಅನ್ನಿ. ಸಂತರಾದ್ದರಿಂದ 'ಅವರು' ಅನ್ನಬೇಕಾ ಅಂತ ಕೆಲವರು ಕೇಳುತ್ತಾರೆ. ಪಂಪನನ್ನು, ಹರಿಹರನನ್ನು ನಾವು 'ಅವನು' ಅಂತಲೇ ಕರೆಯುತ್ತೇವೆ ಅಲ್ವಾ, ಅದೇ ಸಲುಗೆಯಲ್ಲಿ ನಾನೂ 'ಅವನು' ಅನ್ನುತ್ತೇನೆ. ನಿಮ್ಮ ಸಭೆಯಲ್ಲಿ ಹಿರಿಯರಿಗೆ ಬೇಜಾರಾಗುವುದಾದರೆ 'ಅವರು' ಅನ್ನಿ, ಆದರೆ ಮಧ್ಯದಲ್ಲಿ ಬದಲಾಯಿಸಬೇಡಿ.

ಇನ್ನು ಶುರು ಮಾಡುವ ಜಾಗ. ಹುಟ್ಟಿನಿಂದ ಶುರು ಮಾಡಬೇಡಿ, ಬಿಷಪ್ ಪದವಿಯಿಂದಂತೂ ಬೇಡವೇ ಬೇಡ. ಅವನು ಬಿಷಪ್ ಆದದ್ದು ಸುಮಾರು 600ರ ಹೊತ್ತಿಗೆ, ಆಗ ಅವನಿಗೆ ಅರವತ್ತು ದಾಟಿತ್ತು. ಹತ್ತು ವರ್ಷದೊಳಗೆ ತೀರಿಕೊಂಡ. ನಮಗೆ ಬೇಕಾದ ಕವಿ ಅದಕ್ಕೆ ಮೊದಲಿನವನು. ನಾನು ಮೊಟ್ಟೆಯಿಂದ ಶುರು ಮಾಡುತ್ತೇನೆ.

ಪ್ವಾಟಿಯೇಯಲ್ಲಿ ಒಂದು ಕನ್ಯಾಮಠ ಇತ್ತು. ಅದನ್ನು ಕಟ್ಟಿಸಿದವಳು ರಾಡೆಗುಂಡ್, ಒಂದು ಕಾಲದ ರಾಣಿ. ಮಠದ ಮುಖ್ಯಸ್ಥೆ ಆಗ್ನೆಸ್. ಫಾರ್ಚುನೇಟಸ್ ಅದೇ ಊರಿನಲ್ಲಿದ್ದ, ಮಠದ ಹೊರಗಿನ ಕೆಲಸಗಳಲ್ಲಿ ನೆರವಾಗುತ್ತಿದ್ದ. ಆ ಇಬ್ಬರೂ ಅವನಿಗೆ ಆಗಾಗ ಊಟ ಕಳಿಸುತ್ತಿದ್ದರು. ಒಮ್ಮೆ ಕಾಯಿಪಲ್ಲೆ, ಮೊಟ್ಟೆ, ಪ್ಲಮ್ ಹಣ್ಣು ಬಂತು. ಸಂಜೆಗೆ ಎರಡು ಮೊಟ್ಟೆ ತಿನ್ನಬೇಕು ಅಂತ ಅಪ್ಪಣೆಯೂ ಬಂತು. ಅದಕ್ಕೆ ಅವನು ಒಂದು ಚಿಕ್ಕ ಪದ್ಯ ಬರೆದು ಕಳಿಸಿದ. ಅದರಲ್ಲಿ ಅವನು ಹೇಳುವುದು ಇಷ್ಟು: ನೀವು ಎರಡು ಅಂದಿರಿ, ನಿಮ್ಮ ಹತ್ತಿರ ನಿಜ ಹೇಳುತ್ತೇನೆ, ನಾನು ನಾಲ್ಕು ತಿಂದೆ. ಇನ್ನೊಂದು ಸಲ ಹಾಲು ಬಂತು. ಕೆನೆಯ ಮೇಲೆ ಆಗ್ನೆಸ್‌ಳ ಬೆರಳಿನ ಗುರುತು ಹಾಗೇ ಉಳಿದಿತ್ತು. ಅದರ ಮೇಲೂ ಪದ್ಯ. ಮತ್ತೊಂದು ಸಲ ತಾನೇ ಕೈಯಾರೆ ಬುಟ್ಟಿ ಹೆಣೆದು ಅದರಲ್ಲಿ ಚೆಸ್ಟ್‌ನಟ್ ತುಂಬಿ, ಜೊತೆಗೆ ನಾಲ್ಕು ಸಾಲು ಇಟ್ಟು ಕಳಿಸಿದ.

ಇದನ್ನು ನಮ್ಮವರಿಗೆ ವಿವರಿಸುವುದು ಸುಲಭ. ಎಳ್ಳಮವಾಸ್ಯೆಗೆ ಯಾರದೋ ಹೊಲದಿಂದ ಭಜ್ಜಿ, ಸಜ್ಜಿ ರೊಟ್ಟಿ ಡಬ್ಬಿಯಲ್ಲಿ ಬರುತ್ತದೆ. ಆ ಡಬ್ಬಿಯನ್ನು ನಾವು ಖಾಲಿ ವಾಪಸ್ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಫಾರ್ಚುನೇಟಸ್ ಆ ಡಬ್ಬಿಯಲ್ಲಿ ಪದ್ಯ ಹಾಕಿ ಕಳಿಸುತ್ತಿದ್ದ. ಇಷ್ಟು ಹೇಳಿದರೆ ಮುಂದಿನ ಸಾಲಿನ ಹೆಂಗಸರು ತಲೆ ಆಡಿಸುತ್ತಾರೆ. ಆಮೇಲೆ ಅವರು ಕೊನೆಯವರೆಗೂ ನಿಮ್ಮ ಜೊತೆಗಿರುತ್ತಾರೆ.

ಆದರೆ ಚೆಸ್ಟ್‌ನಟ್ ಬದಲು ಶೇಂಗಾ ಅನ್ನಬೇಡಿ. ನನಗೂ ಆಸೆಯಾಗಿತ್ತು. ಅವನ ಊಟ ಅವನದಾಗಿಯೇ ಇರಲಿ. ಸುಟ್ಟೋ ಬೇಯಿಸಿಯೋ ತಿನ್ನುವ, ಗಟ್ಟಿ ಸಿಪ್ಪೆಯ, ಒಳಗೆ ಹಿಟ್ಟು ಹಿಟ್ಟಾದ ಕಾಯಿ ಅಂತ ಒಂದು ಮಾತು ಹೇಳಿದರೆ ಸಾಕು.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ದೇವರಿಗೆ ಮುಡಿಪಾದ ಹೆಂಗಸರಿಗೆ ಒಬ್ಬ ಗಂಡಸು ಇಷ್ಟು ಪ್ರೀತಿಯ ಪದ್ಯ ಬರೆಯಬಹುದಾ? ತಪ್ಪಿಸಿಕೊಳ್ಳಬೇಡಿ. ಅವನ ಕಾಲದಲ್ಲೂ ಗುಸುಗುಸು ಇದ್ದ ಹಾಗೆ ಕಾಣುತ್ತದೆ, ಯಾಕೆಂದರೆ ಆಗ್ನೆಸ್‌ಗೆ ಬರೆದ ಒಂದು ಪದ್ಯದಲ್ಲಿ ಅವನೇ ಉತ್ತರ ಕೊಡುತ್ತಾನೆ. ನೀನು ಗೌರವದಲ್ಲಿ ನನಗೆ ತಾಯಿ, ಪ್ರೀತಿಯಲ್ಲಿ ತಂಗಿ ಅನ್ನುತ್ತಾನೆ, ಕ್ರಿಸ್ತನ ಸಾಕ್ಷಿಯಾಗಿ ಆಣೆ ಇಡುತ್ತಾನೆ. ನಮ್ಮ ನೆಲದವರಿಗೆ ಇದು ಹೊಸದಲ್ಲ. ಕಲ್ಯಾಣಕ್ಕೆ ಬಂದ ಮಹಾದೇವಿಯನ್ನು ವಯಸ್ಸಿನಲ್ಲಿ ದೊಡ್ಡವರಾದ ಶರಣರೂ ಅಕ್ಕ ಅಂತ ಕರೆದರು. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಆ ಹೆಸರು ತೆಗೆದರೆ ಬೇರೆ ವಿವರಣೆ ಜಾಸ್ತಿ ಬೇಕಾಗುವುದಿಲ್ಲ.

ಊಟದ ಪದ್ಯ ಆದ ಮೇಲೆ ರಾಡೆಗುಂಡ್‌ಳ ಕಥೆಗೆ ಬನ್ನಿ. ಇದಕ್ಕೆ ಎಂಟು ನಿಮಿಷ ಇಟ್ಟುಕೊಳ್ಳಿ, ಕಡಿಮೆ ಮಾಡಬೇಡಿ. ಆಕೆ ತುರಿಂಜಿಯಾ ನಾಡಿನ ರಾಜಕುಮಾರಿ, ಅದು ಈಗಿನ ಜರ್ಮನಿಯಲ್ಲಿದೆ. 531ರಲ್ಲಿ, ಆಗ ಫ್ರಾನ್ಸಿನ ನೆಲ ಆಳುತ್ತಿದ್ದ ಫ್ರಾಂಕರು ಆ ನಾಡನ್ನು ಗೆದ್ದು ಹಾಳು ಮಾಡಿದರು. ಸಣ್ಣ ಹುಡುಗಿ ರಾಡೆಗುಂಡ್ ಯುದ್ಧದ ಲೂಟಿಯ ಜೊತೆ ಫ್ರಾಂಕರ ರಾಜ ಕ್ಲೋಟಾರ್‌ನ ಪಾಲಿಗೆ ಬಂದಳು. ದೊಡ್ಡವಳಾದ ಮೇಲೆ ಅವನೇ ಮದುವೆಯಾದ. ಮುಂದೆ ಆಕೆಯ ತಮ್ಮನನ್ನೂ ಅವನು ಕೊಲ್ಲಿಸಿದ. ಆಗ ಆಕೆ ಅರಮನೆ ಬಿಟ್ಟು ಹೊರಟಳು. ಬಿಷಪ್ ಮೆಡಾರ್ಡ್‌ನ ಮುಂದೆ ನಿಂತು ತನ್ನನ್ನು ದೇವರಿಗೆ ಮುಡಿಪು ಮಾಡು ಅಂದಳು. ರಾಜನ ಹೆಂಡತಿ ಅಂತ ಬಿಷಪ್ ಹಿಂದೆ ಮುಂದೆ ನೋಡಿದ, ಆಕೆ ಬಿಡಲಿಲ್ಲ. ಆಮೇಲೆ ಪ್ವಾಟಿಯೇಯಲ್ಲಿ ಮಠ ಕಟ್ಟಿದಳು. ಅಲ್ಲಿ ತಾನು ಮುಖ್ಯಸ್ಥೆ ಆಗದೆ ಆಗ್ನೆಸ್‌ಳನ್ನು ಕೂರಿಸಿ, ತಾನು ಕಸ ಗುಡಿಸಿದಳು, ಅಡುಗೆ ಮಾಡಿದಳು, ಕುಷ್ಠ ರೋಗಿಗಳ ಮೈ ತೊಳೆದಳು.

ಹಾಳಾದ ತುರಿಂಜಿಯಾದ ಮೇಲೆ ಒಂದು ದೊಡ್ಡ ಶೋಕಗೀತೆ ಇದೆ. ದೂರದ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಈಗಿನ ಇಸ್ತಾಂಬುಲ್‌ನಲ್ಲಿ, ಇದ್ದ ತನ್ನ ದಾಯಾದಿ ಅಣ್ಣ ಅಮಲಫ್ರಿಡ್‌ಗೆ ರಾಡೆಗುಂಡ್ ಮಾತಾಡುವ ಹಾಗೆ ಅದು ಇದೆ. ಸುಟ್ಟ ಅರಮನೆ, ಹೂಳಲು ಯಾರೂ ಇಲ್ಲದೆ ಬಿದ್ದ ಹೆಣಗಳು, ಅತ್ತು ಮುಗಿಸಲೂ ಬಿಡದೆ ಎಳೆದುಕೊಂಡು ಹೋದ ಹೆಂಗಸರು, ಎಲ್ಲವೂ ಅದರಲ್ಲಿದೆ. ಅದು ಫಾರ್ಚುನೇಟಸ್‌ನ ಪದ್ಯಗಳ ಜೊತೆ ಉಳಿದು ಬಂದಿದೆ, ಅದರಲ್ಲಿ ಆಕೆಯ ಕೈಯೂ ಇದೆ ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ನಾನು ಇದನ್ನು ಓದುವಾಗ ಸಭೆ ಪೂರ್ತಿ ಸದ್ದಿಲ್ಲದೆ ಕೇಳುತ್ತದೆ.

ಈಗ ಹಾಡಿಗೆ ಬರಬಹುದು. 569ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಎರಡನೇ ಜಸ್ಟಿನ್ ಮತ್ತು ರಾಣಿ ಸೋಫಿಯಾ, ರಾಡೆಗುಂಡ್ ಕೇಳಿಕೊಂಡಿದ್ದರಿಂದ ಏಸುವಿನ ಶಿಲುಬೆಯದೆಂದು ನಂಬಿದ ಒಂದು ಚೂರನ್ನು ಕಳಿಸಿಕೊಟ್ಟರು. ಪ್ವಾಟಿಯೇಯ ಆಗಿನ ಬಿಷಪ್ ಮರೋವಿಯಸ್ ಅದನ್ನು ಬರಮಾಡಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಫ್ರಾಂಕರ ರಾಜ ಸಿಗಿಬರ್ಟ್ ಹೇಳಿ, ತೂರ್ ಊರಿನ ಬಿಷಪ್ ಯೂಫ್ರೋನಿಯಸ್ ಬಂದು ಮೆರವಣಿಗೆ ಮಾಡಿ ಮಠಕ್ಕೆ ತಲುಪಿಸಿದ. ಆ ಸಂದರ್ಭಕ್ಕೆ ಫಾರ್ಚುನೇಟಸ್ ಬರೆದದ್ದೇ 'ವೆಕ್ಸಿಲ್ಲಾ ರೇಜಿಸ್' ಮತ್ತು 'ಪಾಂಜೆ ಲಿಂಗ್ವಾ'. ರಾಜನ ಬಾವುಟ ಮುಂದೆ ಸಾಗಿದೆ ಅಂತ ಮೊದಲನೆಯದು ಶುರುವಾಗುತ್ತದೆ. ನಾಲಿಗೆಯೇ, ಆ ಹೋರಾಟದ ಗೆಲುವನ್ನು ಹಾಡು ಅಂತ ಎರಡನೆಯದು. ಮಠಕ್ಕೆ ಹೋಲಿ ಕ್ರಾಸ್ ಅಂತ ಹೆಸರು ಬಂದದ್ದೂ ಈ ಚೂರಿನಿಂದಲೇ.

ಒಂದು ಎಚ್ಚರ. ಇದೇ 'ಪಾಂಜೆ ಲಿಂಗ್ವಾ' ಎಂಬ ಮಾತಿನಿಂದ ಶುರುವಾಗುವ ಇನ್ನೊಂದು ಹಾಡಿದೆ. ಅದು 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಬರೆದದ್ದು, ಪರಮಪ್ರಸಾದದ ಮೇಲೆ. ಮೊಬೈಲಿನಲ್ಲಿ ಹುಡುಕಿದರೆ ಅದೇ ಮೊದಲು ಸಿಗುತ್ತದೆ. ಸಭೆಯಲ್ಲಿ ಅದನ್ನು ಹಾಕಿ ಇವನ ಹಾಡು ಅನ್ನಬೇಡಿ. ಫಾರ್ಚುನೇಟಸ್‌ನದರಲ್ಲಿ 'ಪ್ರೋಯೆಲಿಯಮ್' ಅಂದರೆ ಯುದ್ಧ ಎಂಬ ಪದ ಮೊದಲ ಸಾಲಿನಲ್ಲೇ ಬರುತ್ತದೆ. ಅದನ್ನು ನೋಡಿಕೊಂಡು ಆರಿಸಿ.

ಛಂದಸ್ಸಿನ ಬಗ್ಗೆ ಹೇಳಬೇಕಾ? ಹೇಳಿ. ಲ್ಯಾಟಿನ್ ಪದ್ಯ ನಮ್ಮದರ ಹಾಗೆಯೇ ಲಘು ಗುರುಗಳ ಮೇಲೆ ನಡೆಯುತ್ತದೆ, ಇದನ್ನು ಕೇಳಿದ ಕನ್ನಡ ಮೇಷ್ಟ್ರುಗಳ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಅವನ ದೊಡ್ಡ ಕಾವ್ಯ ಸಂತ ಮಾರ್ಟಿನ್‌ನ ಚರಿತ್ರೆ, ನಾಲ್ಕು ಭಾಗ, ಎರಡು ಸಾವಿರಕ್ಕೂ ಜಾಸ್ತಿ ಸಾಲು. ಅದರ ಒಂದೊಂದು ಸಾಲಿಗೂ ಆರು ಗಣ. ಒಂದು ಗಣದಲ್ಲಿ ಗುರು ಲಘು ಲಘು ಇರಬಹುದು, ಇಲ್ಲ ಎರಡು ಗುರು ಇರಬಹುದು. ಹೇಗೆ ಎಣಿಸಿದರೂ ನಾಲ್ಕು ಮಾತ್ರೆ. ನಮ್ಮ ಮಂದಾನಿಲ ರಗಳೆಯಲ್ಲಿ ಸಾಲಿಗೆ ಇಂಥ ನಾಲ್ಕು ಗಣ, ಒಟ್ಟು 16 ಮಾತ್ರೆ. ಹರಿಹರ ಶರಣರ ಕಥೆಗಳನ್ನು ರಗಳೆಯಲ್ಲಿ ಹೇಳಿದ, ಫಾರ್ಚುನೇಟಸ್ ಮಾರ್ಟಿನ್‌ನ ಕಥೆಯನ್ನು ಆರು ಗಣದ ಸಾಲಿನಲ್ಲಿ ಹೇಳಿದ. 'ಪಾಂಜೆ ಲಿಂಗ್ವಾ'ದ ನಡೆ ಬೇರೆ. ಅದು ರೋಮನ್ ಸಿಪಾಯಿಗಳು ನಡೆಯುತ್ತಾ ಹಾಡುತ್ತಿದ್ದ ಹಾಡಿನ ನಡೆ, ಗುರು ಲಘು ಗುರು ಲಘು ಅಂತ ಹೆಜ್ಜೆ ಹಾಕುತ್ತದೆ. ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿ, ಮಕ್ಕಳೂ ಹಿಡಿಯುತ್ತಾರೆ.

ಇಷ್ಟಾದ ಮೇಲೆ, ಜನಕ್ಕೆ ಕುತೂಹಲ ಬಂದ ಮೇಲೆ, ಹುಟ್ಟು ಮತ್ತು ದಾರಿ. ಐದು ನಿಮಿಷ ಸಾಕು. ಹುಟ್ಟಿದ್ದು ಸುಮಾರು 530ರ ನಂತರ, ಈಗಿನ ಇಟಲಿಯ ಟ್ರೆವಿಸೋ ಊರಿನ ಹತ್ತಿರ. ಓದಿದ್ದು ರವೆನ್ನಾದಲ್ಲಿ. ಕಾಲದ ಅಂದಾಜು ಬರಲು ನಾನು ಬಾದಾಮಿಯನ್ನು ಎದುರು ಇಡುತ್ತೇನೆ. ಒಂದನೇ ಪುಲಕೇಶಿ ಬಾದಾಮಿಯ ಕೋಟೆ ಕಟ್ಟಿಸಿದ್ದು 543ರಲ್ಲಿ, ಆಗ ಇವನು ಹುಡುಗ. ಬಾದಾಮಿಯ ಮೂರನೇ ಗುಹೆ ಆದದ್ದು 578ರಲ್ಲಿ, ಆಗ ಇವನು ಪ್ವಾಟಿಯೇಯಲ್ಲಿ ಪದ್ಯ ಬರೆಯುತ್ತಿದ್ದ. ನಮ್ಮ ಮಳಖೇಡದಲ್ಲಿ ರಾಷ್ಟ್ರಕೂಟರ ಆಸ್ಥಾನ ನಡೆಯುವುದಕ್ಕೆ ಇನ್ನೂ ಇನ್ನೂರು ವರ್ಷಕ್ಕಿಂತ ಜಾಸ್ತಿ ಇತ್ತು. ಮಳಖೇಡ ಅಂದ ಕೂಡಲೇ ಸೇಡಂ ಕಡೆಯವರು ತಲೆ ಎತ್ತಿ ನೋಡುತ್ತಾರೆ.

ರವೆನ್ನಾದಲ್ಲಿ ಅವನಿಗೂ ಅವನ ಗೆಳೆಯ ಫೆಲಿಕ್ಸ್‌ಗೂ ಕಣ್ಣಿನ ರೋಗ ಬಂತು. ಅಲ್ಲಿನ ಒಂದು ಚರ್ಚಿನಲ್ಲಿ ಸಂತ ಮಾರ್ಟಿನ್‌ನ ಚಿತ್ರದ ಮುಂದೆ ಉರಿಯುತ್ತಿದ್ದ ದೀಪದ ಎಣ್ಣೆ ಹಚ್ಚಿಕೊಂಡರು, ವಾಸಿಯಾಯಿತು. ಮಾರ್ಟಿನ್‌ನ ಸಮಾಧಿ ಇದ್ದದ್ದು ತೂರ್‌ನಲ್ಲಿ, ಅಲ್ಲಿಗೆ ಹರಕೆ ತೀರಿಸಲು ಹೊರಟೆ ಅಂತ ಅವನೇ ಬರೆಯುತ್ತಾನೆ. ದರ್ಗಾಕ್ಕೆ, ಗುಡಿಗೆ, ಚರ್ಚಿಗೆ ಹರಕೆ ಹೊತ್ತು ನಡೆಯುವ ಕಲಬುರಗಿ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಆಸ್ಥಾನ, ಹೊಸ ಆಶ್ರಯ ಹುಡುಕುವ ಉದ್ದೇಶವೂ ಇತ್ತು ಅಂತ ಇತಿಹಾಸಕಾರರು ಹೇಳುತ್ತಾರೆ. ಎರಡನ್ನೂ ಹೇಳಿಬಿಡಿ.

565ರ ಸುಮಾರಿಗೆ ಹೊರಟ. ಬೀದರಿನಿಂದ ರಾಯಚೂರಿಗೆ ಹೊರಟವರು ಕಾರಂಜಾ, ಕಾಗಿಣಾ, ಭೀಮಾ, ಕೃಷ್ಣಾ ಅಂತ ಹೊಳೆ ಎಣಿಸುವ ಹಾಗೆ ಅವನೂ ತನ್ನ ದಾರಿಯ ಹೊಳೆಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಪೋ, ಬ್ರೆಂಟಾ, ಪಿಯಾವೆ, ಆಮೇಲೆ ಆಲ್ಪ್ಸ್ ದಾಟಿ ಇನ್, ಡ್ಯಾನ್ಯೂಬ್, ರೈನ್. ದಾರಿಯಲ್ಲಿ ಫ್ರಾಂಕರ ಕೂಟಗಳಲ್ಲಿ ಹಾಡಿದ. ಮೇಪಲ್ ಮರದ ಬಟ್ಟಲಲ್ಲಿ ಕುಡಿಯುತ್ತಾ ಕೂತ ಆ ಜನಕ್ಕೆ ಹೆಬ್ಬಾತಿನ ಕೂಗೂ ಹಂಸದ ಹಾಡೂ ಒಂದೇ ಆಗಿತ್ತು ಅಂತ ಬರೆದಿದ್ದಾನೆ. ಅವರ ಹಾಡು ಬೇರೆ, ವಾದ್ಯ ಬೇರೆ, ಭಾಷೆ ಬೇರೆ. ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಕಿವಿಗೆ ಬೀಳುವ ಬೀದರಿನಲ್ಲಿ ಬೆಳೆದವರಿಗೆ, ತನ್ನ ಮಾತು ಅರ್ಧಂಬರ್ಧ ತಿಳಿಯುವವರ ಮುಂದೆ ಹಾಡುವುದು ಏನೆಂದು ಗೊತ್ತು. 566ರಲ್ಲಿ ಮೆಟ್ಜ್ ಊರಿನಲ್ಲಿ ರಾಜ ಸಿಗಿಬರ್ಟ್ ಮತ್ತು ಸ್ಪೇನಿನ ರಾಜಕುಮಾರಿ ಬ್ರುನ್‌ಹಿಲ್ಡ್ ಮದುವೆ. ಇವನು ಮದುವೆ ಪದ್ಯ ಹಾಡಿದ, ಅದರಲ್ಲಿ ರೋಮನ್ನರ ಪ್ರೇಮದೇವತೆಗಳಾದ ವೀನಸ್, ಕ್ಯೂಪಿಡ್ ಬಂದು ಮಾತಾಡುತ್ತಾರೆ. ಅಲ್ಲಿಂದ ಹೆಸರಾಯಿತು. ತೂರ್‌ಗೆ ಹೋಗಿ ಹರಕೆ ತೀರಿಸಿ ಪ್ವಾಟಿಯೇಗೆ ಬಂದವನು, ರಾಡೆಗುಂಡ್‌ಳ ಸ್ನೇಹದಲ್ಲಿ ಅಲ್ಲೇ ನಿಂತುಬಿಟ್ಟ.

ಕಷ್ಟದ ಭಾಗ ಇನ್ನೊಂದಿದೆ, ಅದನ್ನು ಮುಚ್ಚಿಡಬೇಡಿ. ಅವನು ರಾಜರನ್ನು ಹೊಗಳಿದ. ಕಿಲ್ಪೆರಿಕ್ ಎಂಬ ರಾಜನನ್ನು ಬಾಯಿ ತುಂಬಾ ಹೊಗಳಿದ. ಅದೇ ರಾಜನನ್ನು ಇವನ ಆಪ್ತ ಗೆಳೆಯ, ತೂರ್‌ನ ಬಿಷಪ್ ಗ್ರೆಗರಿ, ನಮ್ಮ ಕಾಲದ ನೀರೋ ಮತ್ತು ಹೆರೋದ ಅಂತ ಬರೆದಿಟ್ಟಿದ್ದಾನೆ. ಹಾಗಾದರೆ ಫಾರ್ಚುನೇಟಸ್ ಮುಖಸ್ತುತಿಗಾರನಾ? ಯಾವಾಗ ಹೊಗಳಿದ ಅಂತ ನೋಡಿ. 580ರಲ್ಲಿ ಗ್ರೆಗರಿಯ ಮೇಲೆ ಕಿಲ್ಪೆರಿಕ್‌ನ ರಾಣಿ ಫ್ರೆಡೆಗುಂಡ್‌ಳನ್ನು ನಿಂದಿಸಿದ ಆರೋಪ ಬಂದು, ಬಿಷಪ್ಪರ ಸಭೆಯಲ್ಲಿ ವಿಚಾರಣೆ ನಡೆಯಿತು. ಹೊಗಳಿಕೆಯ ಪದ್ಯ ಅದೇ ಸಭೆಯ ಸಂದರ್ಭದ್ದು. ನ್ಯಾಯವಂತ ರಾಜ, ವಿದ್ಯಾವಂತ ರಾಜ ಅಂತ ಎಲ್ಲರ ಎದುರು ಹೇಳಿದರೆ ಆ ರಾಜನಿಗೆ ಅನ್ಯಾಯ ಮಾಡುವುದು ಕಷ್ಟವಾಗುತ್ತದೆ. ಆ ಪದ್ಯದಲ್ಲಿ ಗೆಳೆಯನ ಪರವಾದ ಬೇಡಿಕೆ ಇದೆ ಅಂತ ನಾನು ಓದುತ್ತೇನೆ. ಗ್ರೆಗರಿ ಆರೋಪದಿಂದ ಪಾರಾದ.

ಜೊತೆಗೆ ಇದನ್ನೂ ಹೇಳಿ. ಬ್ರುನ್‌ಹಿಲ್ಡ್‌ಳ ಅಕ್ಕ ಗೆಲೆಸ್ವಿಂತಾ ಇದೇ ಕಿಲ್ಪೆರಿಕ್‌ನನ್ನು ಮದುವೆಯಾಗಿ ಬಂದಳು. ಸ್ವಲ್ಪ ದಿನದಲ್ಲೇ ಕತ್ತು ಹಿಸುಕಿ ಕೊಲ್ಲಲ್ಪಟ್ಟಳು. ಫಾರ್ಚುನೇಟಸ್ ಆಕೆಯ ಮೇಲೆ ಮುನ್ನೂರು ಸಾಲಿಗೂ ಜಾಸ್ತಿ ಶೋಕಗೀತೆ ಬರೆದ. ಮಗಳನ್ನು ದೂರದ ನಾಡಿಗೆ ಕಳಿಸುವ ತಾಯಿ ಬಂಡಿಯ ಜೊತೆ ಇನ್ನೊಂದು ದಿನ, ಇನ್ನೊಂದು ದಿನ ಅಂತ ನಡೆದು ಬರುತ್ತಾಳೆ. ಕೊಂದವರ ಹೆಸರು ಮಾತ್ರ ಪದ್ಯದಲ್ಲಿ ಎಲ್ಲೂ ಇಲ್ಲ. ಬರೆಯಲು ಅವನಿಗೆ ಧೈರ್ಯ ಸಾಲಲಿಲ್ಲ ಅಂತ ಕೆಲವರು ಅನ್ನಬಹುದು. ನನಗೆ ಆ ತಾಯಿಯ ಅಳು ಕೇಳಿದ ಮೇಲೆ ಹೆಸರು ಬೇಕೆನಿಸಲಿಲ್ಲ. ಮದುವೆ ಮಾಡಿ ಮಗಳನ್ನು ಪುಣೆಗೋ ಹೈದರಾಬಾದಿಗೋ ಕಳಿಸಿದ ತಾಯಂದಿರು ಸಭೆಯಲ್ಲಿ ಇರುತ್ತಾರೆ, ಆದ್ದರಿಂದ ಇದನ್ನು ನಿಧಾನವಾಗಿ ಹೇಳಿ.

ತಯಾರಿ ಮಾಡುವಾಗ ಒಂದೇ ಮೂಲ ನಂಬಿ ಕೂರಬೇಡಿ. 587ರಲ್ಲಿ ರಾಡೆಗುಂಡ್ ತೀರಿಕೊಂಡ ಮೇಲೆ ಫಾರ್ಚುನೇಟಸ್ ಆಕೆಯ ಚರಿತ್ರೆ ಗದ್ಯದಲ್ಲಿ ಬರೆದ. ಅದರಲ್ಲಿ ಉಪವಾಸ, ಸೇವೆ, ಆಕೆ ತನ್ನ ಮೈಗೆ ತಾನೇ ಕೊಟ್ಟುಕೊಂಡ ನೋವು ಜಾಸ್ತಿ. ಶಿಲುಬೆಯ ಚೂರು ಬಂದ ದೊಡ್ಡ ಸಂಗತಿಯೇ ಅದರಲ್ಲಿಲ್ಲ. ಮುಂದೆ ಅದೇ ಮಠದ ಬೌಡೊನಿವಿಯಾ ಎಂಬ ಸನ್ಯಾಸಿನಿ ಇನ್ನೊಂದು ಚರಿತ್ರೆ ಬರೆದಳು. ಅದರಲ್ಲಿ ಶಿಲುಬೆಯ ಚೂರು ಇದೆ, ರಾಜರ ಜಗಳ ನಿಲ್ಲಿಸಲು ರಾಡೆಗುಂಡ್ ಬರೆದ ಪತ್ರಗಳ ಮಾತಿದೆ, ಜೊತೆಗೆ ಬದುಕಿದವರ ಅಕ್ಕರೆ ಇದೆ. ಬಸವಣ್ಣನ ಬದುಕನ್ನು ಹರಿಹರನಲ್ಲಿ ಓದಿ, ಆಮೇಲೆ 1369ರ ಭೀಮಕವಿಯ ಬಸವಪುರಾಣದಲ್ಲಿ ಓದಿದವರಿಗೆ ಈ ವ್ಯತ್ಯಾಸ ಏನೆಂದು ಗೊತ್ತಿರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಳ್ಳಿ, ಯಾರು ಹೇಳಿದ್ದು ಅಂತ ಪ್ರತಿ ಸಂಗತಿಯ ಮುಂದೆ ಬರೆದುಕೊಳ್ಳಿ. ಪ್ರಶ್ನೆ ಬಂದಾಗ ತಡಬಡಾಯಿಸಬೇಕಾಗುವುದಿಲ್ಲ.

ಸುಮ್ನೆ ಒಂದೆರಡು ಚಿಕ್ಕ ಮಾತು. ಮಾರ್ಚ್, ಏಪ್ರಿಲ್ ನಮ್ಮ ಕಡೆ ಬಿಸಿಲು ಜೋರು, ಅದಕ್ಕೆ ಸಂಜೆ ಆರೂವರೆ ಮೇಲೆ ಇಟ್ಟುಕೊಳ್ಳಿ. ರಾಜರ ಹೆಸರು ನಾಲ್ಕಕ್ಕಿಂತ ಜಾಸ್ತಿ ಬೇಡ. ಒಂದು ಹಾಳೆಯ ಮೇಲೆ ರವೆನ್ನಾ, ಮೆಟ್ಜ್, ತೂರ್, ಪ್ವಾಟಿಯೇ ಇಷ್ಟೇ ಬರೆದು ಗೋಡೆಗೆ ಅಂಟಿಸಿ. ಗುಡ್ ಫ್ರೈಡೆಗೆ ಆಗದಿದ್ದರೆ ಡಿಸೆಂಬರ್ 14 ಅವನ ಹಬ್ಬದ ದಿನ, ಕ್ರಿಸ್‌ಮಸ್ ತಯಾರಿಯ ನಡುವೆ ಜನ ಹೇಗೂ ಸೇರಿರುತ್ತಾರೆ. ಈಸ್ಟರ್‌ಗೆ ಹೇಳುವುದಾದರೆ ಅವನು ನಾಂಟ್ ಊರಿನ ಬಿಷಪ್ ಫೆಲಿಕ್ಸ್‌ಗೆ (ರವೆನ್ನಾದ ಗೆಳೆಯ ಅಲ್ಲ, ಇವನು ಬೇರೆ ಫೆಲಿಕ್ಸ್) ಬರೆದ ಪದ್ಯ ತೆಗೆದುಕೊಳ್ಳಿ, ಚಳಿಗಾಲ ಮುಗಿದು ಹೊಲ ಹೂವು ಎಲ್ಲ ಎದ್ದ ಕ್ರಿಸ್ತನ ಜೊತೆ ಎದ್ದು ಬರುವ ಪದ್ಯ ಅದು.

ಕೊನೆಯ ಐದು ನಿಮಿಷ ಮಾತು ಬೇಡ, ಹಾಡಿ. ಲ್ಯಾಟಿನ್ ರಾಗ ಬಾರದಿದ್ದರೆ ಚಿಂತೆಯಿಲ್ಲ. 'ವೆಕ್ಸಿಲ್ಲಾ ರೇಜಿಸ್'ನ ಮೊದಲ ಎರಡು ಸಾಲನ್ನು ನಾನು ಮಂದಾನಿಲ ರಗಳೆಯ ನಡೆಗೆ ಹೀಗೆ ಕೂರಿಸಿಕೊಂಡಿದ್ದೇನೆ:

ರಾಜನ ಬಾವುಟ ಸಾಗಿದೆ ಮುಂದಕೆ
ಶಿಲುಬೆಯ ಗುಟ್ಟದು ಬೆಳಗಿದೆ ಲೋಕಕೆ

ಮೂಲದ ಸಾಲಿನಲ್ಲಿ ಎಂಟೇ ಅಕ್ಷರ, ಕನ್ನಡಕ್ಕೆ ಅಷ್ಟು ಸಾಲುವುದಿಲ್ಲ, ಅದಕ್ಕೆ ನಾಲ್ಕು ನಾಲ್ಕು ಮಾತ್ರೆಗೆ ಹಿಗ್ಗಿಸಿದೆ. ನಿಮಗೆ ಇದಕ್ಕಿಂತ ಒಳ್ಳೆಯ ಸಾಲು ಹೊಳೆದರೆ ಅದನ್ನೇ ಹಾಡಿ. ಒಬ್ಬರು ಒಂದು ಸಾಲು ಹೇಳಲಿ, ಉಳಿದವರು ತಿರುಗಿ ಹೇಳಲಿ. ಭಜನೆಯಲ್ಲಿ ಕೂತು ರೂಢಿ ಇರುವ ನಮ್ಮ ಜನಕ್ಕೆ ಎರಡನೇ ಸುತ್ತಿಗೆ ಬಾಯಿಗೆ ಬಂದುಬಿಡುತ್ತದೆ. ಮೂರನೇ ಸುತ್ತಿಗೆ ಯಾರಾದರೂ ಹಿಂದಿನಿಂದ ದಮ್ಮಡಿ ತೆಗೆಯುತ್ತಾರೆ, ತೆಗೆಯಲಿ, ನಿಲ್ಲಿಸಬೇಡಿ.